ನಿಮ್ಮ ಟೀಮಿನ ಬಿಡೂಫ್ ಯಾರು?

ಪೊಕೆಮಾನ್‌ಗಳಲ್ಲಿ ಅತ್ಯಂತ ಉಪಯೋಗಕ್ಕೆ ಬರೋದು ಯಾವುದು?

ಮೂವತ್ತರ ಆಸುಪಾಸಿನ ನಾಲ್ಕು ಜನ ಸಾಫ್ಟ್‌ವೇರ್‌ನವರ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ತಟ್ಟೆಯಲ್ಲಿರೋ ಅನ್ನ ಆರಿಹೋಗುತ್ತೆ, ಎರಡು ಗಂಟೆಯ ಮೀಟಿಂಗ್ ತಡವಾಗುತ್ತೆ, ಉತ್ತರ ಮಾತ್ರ ಸಿಗಲ್ಲ. ಇಡ್ಲಿಗೆ ಸಾಂಬಾರೋ ಚಟ್ನಿಯೋ ಅನ್ನೋ ಜಗಳಕ್ಕಾದರೂ ಎಲ್ಲೋ ಒಂದು ಕಡೆ ರಾಜಿ ಇದೆ. ಇದಕ್ಕಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ನಿಂಟೆಂಡೋದ ಗೇಮ್ ಬಾಯ್‌ಗೆ ಬಂದ ಆಟ ಇದು. ಇದರ ಕಲ್ಪನೆ ಸತೋಶಿ ತಾಜಿರಿ ಅನ್ನೋರದ್ದು. ಚಿಕ್ಕಂದಿನಲ್ಲಿ ಅವರಿಗೆ ಹುಳಹುಪ್ಪಟೆ ಹಿಡಿದು ಕೂಡಿಡೋ ಹುಚ್ಚು. ಅದೇ ಹುಚ್ಚು ಆಟವಾಯಿತು. ಮೊದಲ ಆಟದಲ್ಲಿ 151 ಜೀವಿಗಳಿದ್ದವು, ಈಗ ಸಾವಿರ ದಾಟಿದೆ. ಎಷ್ಟು ಬೇಕಾದರೂ ಹಿಡೀಬಹುದು, ಆದರೆ ಜೊತೆಯಲ್ಲಿ ಕರ್ಕೊಂಡು ಹೋಗೋಕೆ ಆಗೋದು 6 ಮಾತ್ರ. ಪ್ರತಿ ಜೀವಿಗೂ ಒಂದು ಸಲಕ್ಕೆ 4 ವಿದ್ಯೆ ಮಾತ್ರ ನೆನಪಿರುತ್ತೆ. ಐದನೆಯದು ಕಲೀಬೇಕಂದ್ರೆ ಒಂದನ್ನ ಮರೀಬೇಕು.

6 ಮತ್ತು 4. ಈ ಎರಡು ಅಂಕಿ ನೆನಪಿಟ್ಕೊಳ್ಳಿ. ಜಾಗಕ್ಕೆ ಮಿತಿ ಇಲ್ಲದಿದ್ದರೆ ಯಾರು ಹೆಚ್ಚು ಉಪಯೋಗ ಅನ್ನೋ ಚರ್ಚೆಯೇ ಹುಟ್ಟಲ್ಲ.

ನಮ್ಮ ತಲೆಮಾರಿನವರಿಗೆ ಇದು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪರಿಚಯವಾಗಿ, ಚಿಪ್ಸ್ ಪ್ಯಾಕೆಟ್‌ನ ಟಾಜೋಗಳಲ್ಲಿ ಬೆಳೆದು, ಎಂಜಿನಿಯರಿಂಗ್ ಹಾಸ್ಟೆಲ್‌ನ ಲ್ಯಾಪ್‌ಟಾಪ್‌ಗಳಲ್ಲಿ ಹುಚ್ಚಾಗಿ, 2016ರಲ್ಲಿ ಪೊಕೆಮಾನ್ ಗೋ ಬಂದಾಗ ಕಬ್ಬನ್ ಪಾರ್ಕ್‌ವರೆಗೂ ನಡೆಸಿಕೊಂಡು ಹೋದ ವಸ್ತು. ಆದ್ದರಿಂದ ಆಫೀಸಿನ ಊಟದ ಮೇಜಿನಲ್ಲಿ ಇದರ ಮಾತು ಬಂದರೆ ಎಲ್ಲರ ಹತ್ತಿರವೂ ಒಂದು ಪಕ್ಷ ಇರುತ್ತೆ.

ಮೊದಲನೇ ಪಕ್ಷ ಬಲದ್ದು. "ಮ್ಯೂಟೂ ಕಣೋ, ಇನ್ನೇನು ಚರ್ಚೆ?" ಅಂತಾನೆ ನಮ್ಮ ಟೆಸ್ಟಿಂಗ್‌ನವನು. ಲೆಕ್ಕ ಅವನ ಕಡೆಗೇ ಇದೆ. ಪ್ರತಿ ಪೊಕೆಮಾನ್‌ಗೂ ಆಯಸ್ಸು, ದಾಳಿ, ರಕ್ಷಣೆ, ವೇಗ ಅಂತ ಮೂಲ ಅಂಕಗಳಿರುತ್ತವೆ. ಮ್ಯೂಟೂದ ಒಟ್ಟು 680. ಮೊದಲ ಆಟದಲ್ಲಿ ಅದಕ್ಕೆ ಸಾಟಿಯೇ ಇಲ್ಲ.

ಆದರೆ ಮ್ಯೂಟೂ ಸಿಗೋದು ಯಾವಾಗ? ಎಂಟು ಜಿಮ್ ಗೆದ್ದು, ಕೊನೆಯ ನಾಲ್ವರನ್ನು ಸೋಲಿಸಿ, ಚಾಂಪಿಯನ್ ಆದ ಮೇಲೆ. ಅಲ್ಲಿವರೆಗೆ ಅದಿರೋ ಗುಹೆಯ ಬಾಗಿಲಲ್ಲಿ ಕಾವಲುಗಾರ ನಿಂತಿರುತ್ತಾನೆ. ಎಲ್ಲಾ ಕಷ್ಟ ಮುಗಿದ ಮೇಲೆ ಬರೋ ಬಲಶಾಲಿ. ಇದಕ್ಕೇ ನಮ್ಮ ಹಿರಿಯರು ಊಟಕ್ಕಿಲ್ಲದ ಉಪ್ಪಿನಕಾಯಿ ಅಂದಿದ್ದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ರೇಸ್ ಕಾರು ಇಟ್ಕೊಂಡ ಹಾಗೆ, ನೋಡೋಕೆ ಚೆನ್ನ.

ಎರಡನೇ ಪಕ್ಷ ಆರಂಭದವರದ್ದು. ಆಟದ ಶುರುವಿನಲ್ಲಿ ಪ್ರೊಫೆಸರ್ ಓಕ್ ಮೂರು ಪೊಕೆಮಾನ್ ಮುಂದಿಟ್ಟು ಒಂದು ಆರಿಸಿಕೋ ಅಂತಾರೆ: ಬಲ್ಬಸಾರ್, ಚಾರ್ಮಾಂಡರ್, ಸ್ಕ್ವರ್ಟಲ್. ಹತ್ತು ವರ್ಷದ ಹುಡುಗರು ಕಣ್ಣುಮುಚ್ಚಿ ಚಾರ್ಮಾಂಡರ್ ಎತ್ತಿಕೊಳ್ಳುತ್ತಾರೆ, ಯಾಕಂದ್ರೆ ಬಾಲದ ತುದಿಯಲ್ಲಿ ಬೆಂಕಿ ಇದೆ. ಮೊದಲ ಜಿಮ್‌ನಲ್ಲಿ ಬ್ರಾಕ್ ಕಲ್ಲಿನ ಪೊಕೆಮಾನ್ ಇಟ್ಕೊಂಡು ಕಾಯ್ತಿರ್ತಾನೆ. ಬೆಂಕಿ ಬಂಡೆಗೆ ಅರ್ಧದಷ್ಟೇ ತಾಗುತ್ತೆ. ಎರಡನೇ ಜಿಮ್‌ನಲ್ಲಿ ಮಿಸ್ಟಿ, ಅವಳದ್ದು ಪೂರ್ತಿ ನೀರು. ಹುಡುಗನಿಗೆ ಅಳು ಬರುತ್ತೆ.

ಬಲ್ಬಸಾರ್ ತಗೊಂಡವನ ಕಥೆಯೇ ಬೇರೆ. ಬ್ರಾಕ್‌ನ ಜಿಯೋಡ್ಯೂಡ್, ಆನಿಕ್ಸ್ ಎರಡೂ ಕಲ್ಲು ಮತ್ತು ಮಣ್ಣಿನ ಜಾತಿ. ಎಲೆಯ ದಾಳಿ ಕಲ್ಲಿಗೆ 2 ಪಟ್ಟು, ಮಣ್ಣಿಗೆ 2 ಪಟ್ಟು, ಒಟ್ಟು 4 ಪಟ್ಟು ಏಟು. ಮಿಸ್ಟಿಯ ನೀರಿಗೂ 2 ಪಟ್ಟು. ಮೂರನೇ ಜಿಮ್‌ನ ಕರೆಂಟು ಇದಕ್ಕೆ ಅರ್ಧವೇ ತಾಗುತ್ತೆ. ಹಾಸನದಿಂದ ಬಂದ ನಮ್ಮ ಫ್ರೆಶರ್ ಹುಡುಗನ ವಾದ ಇಷ್ಟೇ: "ಕಷ್ಟ ಇರೋದು ಶುರುವಲ್ಲಿ. ಶುರುವಲ್ಲಿ ಯಾರು ಕೈ ಹಿಡೀತಾರೋ ಅವರೇ ಉಪಯೋಗ." ಕೆಲಸಕ್ಕೆ ಸೇರಿ ಎಂಟು ತಿಂಗಳಾದವನ ಬಾಯಲ್ಲಿ ಈ ಮಾತು ಬಂದಾಗ ನಾವ್ಯಾರೂ ಎದುರಾಡಲಿಲ್ಲ.

ಮೂರನೇ ಪಕ್ಷ ಎಸ್‌ಐಪಿ ಕಟ್ಟೋರದ್ದು. ಮ್ಯಾಜಿಕಾರ್ಪ್ ಅಂತ ಒಂದು ಮೀನು. ಮೊದಲ ಆಟದಲ್ಲಿ ಒಬ್ಬ ದಲ್ಲಾಳಿ ಅದನ್ನ 500ಕ್ಕೆ ತಲೆಗೆ ಕಟ್ತಾನೆ. ಶುರುವಿನಲ್ಲಿ ಅದಕ್ಕೆ ಬರೋದು ಒಂದೇ ವಿದ್ಯೆ, ವಿಲವಿಲ ಒದ್ದಾಡೋದು. ಅದರಿಂದ ಎದುರಾಳಿಗೆ ಕೂದಲೂ ಕೊಂಕಲ್ಲ. ಆದರೆ ತಾಳ್ಮೆಯಿಂದ 20ನೇ ಹಂತದವರೆಗೆ ಬೆಳೆಸಿದರೆ ಅದು ಗ್ಯಾರಡೋಸ್ ಆಗುತ್ತೆ, ದೈತ್ಯ ಜಲಸರ್ಪ. ಅಲ್ಲಿಂದ ಮುಂದೆ ಅದೇ ನಿಮ್ಮ ಟೀಮಿನ ಬೆನ್ನೆಲುಬು. ಈ ಪಕ್ಷದವರು ಇಂದಿನ ಉಪಯೋಗವನ್ನು ನೋಡೋದೇ ಇಲ್ಲ. ಹೊಸಬರನ್ನು ಕೆಲಸಕ್ಕೆ ತಗೊಳ್ಳೋವಾಗ ಎಲ್ಲಾ ಕಂಪನಿಗಳೂ ಈ ಮೀನಿನ ಕಥೆ ಹೇಳುತ್ತವೆ. 20ನೇ ಹಂತದವರೆಗೆ ಕಾಯೋ ತಾಳ್ಮೆ ಇರೋದು ಕೆಲವಕ್ಕೆ ಮಾತ್ರ.

ಇನ್ನು ಸ್ಮೀರ್ಗಲ್ ಪಕ್ಷ. ಬಾಲದ ತುದಿಯಲ್ಲಿ ಬಣ್ಣ ಸುರಿಯೋ ನಾಯಿ ಇದು. ಅಂಕಗಳ ಒಟ್ಟು ಬರೀ 250, ಗಾಳಿ ಬೀಸಿದರೆ ಬಿದ್ದುಹೋಗುವಷ್ಟು. ಆದರೆ ಸ್ಕೆಚ್ ಅನ್ನೋ ವಿದ್ಯೆಯಿಂದ ಬೇರೆಯವರ ವಿದ್ಯೆಯನ್ನು ನೋಡಿ ನಕಲು ಮಾಡಿಕೊಳ್ಳುತ್ತೆ. ಎದುರಿನವರನ್ನು ನಿದ್ದೆಗೆ ತಳ್ಳೋ ಸ್ಪೋರ್, ಪ್ರಾಣ ತೆಗೆಯದೆ ಒಂದೇ ಒಂದು ಅಂಕ ಆಯಸ್ಸು ಉಳಿಸೋ ಫಾಲ್ಸ್ ಸ್ವೈಪ್, ಇವೆರಡನ್ನೂ ಕಲಿಸಿದರೆ ಹೊಸ ಪೊಕೆಮಾನ್ ಹಿಡಿಯೋಕೆ ಇದಕ್ಕಿಂತ ಒಳ್ಳೇ ಸಂಗಾತಿ ಸಿಗೋದು ಕಷ್ಟ. ನಮ್ಮ ಕಡೆ ಇಂಥವರಿಗೆ ಫುಲ್ ಸ್ಟ್ಯಾಕ್ ಡೆವಲಪರ್ ಅಂತಾರೆ.

ಪಿಕಾಚು ಪಕ್ಷಕ್ಕೆ ಒಂದೇ ಸಾಲು ಸಾಕು. ಅತ್ಯಂತ ಉಪಯುಕ್ತ, ಸಂಶಯವೇ ಇಲ್ಲ, ಆದರೆ ಆಟಗಾರನಿಗಿಂತ ಹೆಚ್ಚಾಗಿ ಆಟ ಮಾರೋರಿಗೆ.

ಇಷ್ಟೂ ಜನ ಮಾತಾಡುವಾಗ ಒಂದು ವಿಷಯ ಮರೀತಾರೆ. ಉಪಯೋಗ ಅನ್ನೋದು ಆಟದ ನಿಯಮದ ಜೊತೆ ಬದಲಾಗುತ್ತೆ. ಮೊದಲ ಆಟದಲ್ಲಿ ಸೈಕಿಕ್ ಜಾತಿಯವರದ್ದೇ ರಾಜ್ಯಭಾರ. ಸೈಕಿಕ್‌ಗೆ ಹುಳ ಮತ್ತು ಭೂತ ಅಂದ್ರೆ ಹೆದರಿಕೆ ಅಂತ ಆಟದೊಳಗಿನ ಒಂದು ಪಾತ್ರವೇ ಹೇಳುತ್ತೆ. ಆಡಿ ನೋಡಿದರೆ ಭೂತದ ದಾಳಿ ಸೈಕಿಕ್ ಮೇಲೆ ನಯಾಪೈಸೆ ಕೆಲಸ ಮಾಡಲ್ಲ. ಡಾಕ್ಯುಮೆಂಟ್‌ನಲ್ಲಿ ಒಂದು, ಕೋಡ್‌ನಲ್ಲಿ ಇನ್ನೊಂದು. ಹುಳಗಳ ವಿದ್ಯೆಗಳೋ, ತೀರಾ ದುರ್ಬಲ. 1999ರಲ್ಲಿ ಗೋಲ್ಡ್ ಮತ್ತು ಸಿಲ್ವರ್ ಬಂದಾಗ ಡಾರ್ಕ್, ಸ್ಟೀಲ್ ಅನ್ನೋ ಎರಡು ಹೊಸ ಜಾತಿ ಸೇರಿಸಿದರು. ಸೈಕಿಕ್‌ನ ಕೊಬ್ಬು ಇಳೀತು. ಮುಂದೆ ಡ್ರ್ಯಾಗನ್‌ಗಳದ್ದು ಜಾಸ್ತಿಯಾದಾಗ 2013ರಲ್ಲಿ ಫೇರಿ ಜಾತಿ ಬಂತು. ನಿನ್ನೆಯ ರಾಜ ಇವತ್ತು ಸಾಮಾನ್ಯ ಪ್ರಜೆ. ಆ ಜೀವಿ ಒಂದು ಕೂದಲೂ ಬದಲಾಗಿರಲ್ಲ, ಸುತ್ತಲಿನ ಜಗತ್ತು ಬದಲಾಗಿರುತ್ತೆ.

ಈಗ ನನ್ನ ಪಕ್ಷಕ್ಕೆ ಬರ್ತೀನಿ. ಬಿಡೂಫ್.

2006ರಲ್ಲಿ ಬಂದ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಇದು ಮೊದಲ ರಸ್ತೆಯಲ್ಲೇ ಹೆಜ್ಜೆಗೊಂದು ಸಿಗುತ್ತೆ. ಕಂದು ಬಣ್ಣದ, ಉಬ್ಬುಹಲ್ಲಿನ, ಬೀವರ್‌ನಂಥ ಪ್ರಾಣಿ. ಮುಖ ನೋಡಿದರೆ ಈಗಷ್ಟೇ ನಿದ್ದೆಯಿಂದ ಎದ್ದ ಹಾಗೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಸುಲಭವಾಗಿ ಸಿಗೋದರಿಂದ ಇದಕ್ಕೆ ಮರ್ಯಾದೆ ಕಡಿಮೆ.

ಆ ಕಾಲದ ಆಟಗಳಲ್ಲಿ ಎಚ್‌ಎಂ ಅಂತ ಕೆಲವು ವಿದ್ಯೆಗಳಿದ್ದವು. ದಾರಿಗೆ ಅಡ್ಡವಾದ ಗಿಡ ಕಡಿಯೋದು, ಬಂಡೆ ಒಡೆಯೋದು, ದೊಡ್ಡ ಕಲ್ಲು ತಳ್ಳೋದು, ನೀರು ದಾಟಿಸೋದು. ಡೈಮಂಡ್, ಪರ್ಲ್‌ನಲ್ಲಿ ಇಂಥವು 8. ಇವಿಲ್ಲದೆ ಕಥೆ ಮುಂದಕ್ಕೇ ಹೋಗಲ್ಲ. ಬಿಡೂಫ್ 15ನೇ ಹಂತದಲ್ಲಿ ಬಿಬಾರೆಲ್ ಆಗುತ್ತೆ, ಆಗ ಈ ನಾಲ್ಕೂ ಕೆಲಸ ಅದೊಂದೇ ಮಾಡಬಲ್ಲದು. ಹಾಗಾಗಿ ಲಕ್ಷಾಂತರ ಆಟಗಾರರು ಒಂದನ್ನ ಹಿಡಿದು, ಎಲ್ಲಾ ಕೂಲಿಯನ್ನೂ ಅದರ ತಲೆಗೆ ಕಟ್ಟಿ, ಆರನೇ ಜಾಗದಲ್ಲಿ ನಿಲ್ಲಿಸಿಕೊಂಡು ಊರೂರು ಸುತ್ತಿದರು. ಇಂಥ ಪೊಕೆಮಾನ್‌ಗೆ ಆಟಗಾರರೇ ಇಟ್ಟ ಹೆಸರು ‘ಎಚ್‌ಎಂ ಸ್ಲೇವ್’. ಅಂದ್ರೆ ಜೀತದಾಳು. ಚಾಂಪಿಯನ್ ಆದ ದಿನ ಫೋಟೋದಲ್ಲಿ ಇರೋದು ಬೇರೆಯವರು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಚ್‌ಎಂ ವಿದ್ಯೆಯನ್ನು ಬೇರೆ ವಿದ್ಯೆಗಳ ಥರ ಸುಮ್ಮನೆ ಮರೆಸೋಕೆ ಆಗಲ್ಲ. ಅದನ್ನು ತೆಗೆಸಬೇಕಂದ್ರೆ ಒಂದು ಊರಲ್ಲಿರೋ ಮೂವ್ ಡಿಲೀಟರ್ ಹತ್ತಿರವೇ ಹೋಗಬೇಕು. ಇರೋದು 4 ಜಾಗ. ನಾಲ್ಕೂ ಚಾಕರಿಯಲ್ಲೇ ತುಂಬಿದ ಮೇಲೆ ಅದು ಹೊಸದು ಕಲಿಯೋದೆಲ್ಲಿ? ಕೆಲವು ಬಿಡೂಫ್‌ಗಳಿಗೆ ‘ಸಿಂಪಲ್’ ಅನ್ನೋ ಹುಟ್ಟುಗುಣ ಇರುತ್ತೆ. ತನ್ನ ಬಲ ಏರಿಸಿಕೊಳ್ಳೋ ವಿದ್ಯೆ ಪ್ರಯೋಗಿಸಿದರೆ ಅದಕ್ಕೆ ಫಲ 2 ಪಟ್ಟು. ಒಳ್ಳೇ ಗುಣ. ಆದರೆ ಅಂಥ ವಿದ್ಯೆ ಕಲಿಸೋಕೆ ಜಾಗವೇ ಖಾಲಿ ಇಲ್ಲವಲ್ಲ. ಗಿಡ ಕಡಿಯಬೇಕು, ಬಂಡೆ ಒಡೆಯಬೇಕು, ನಾಳೆ ಬೆಳಗ್ಗೆ ಮತ್ತೆ ನೀರು ದಾಟಿಸಬೇಕು.

ಇದನ್ನೆಲ್ಲ ನಾನು ಮೇಜಿನಲ್ಲಿ ಹೇಳ್ತಿರುವಾಗ ಅಲ್ಲಿವರೆಗೂ ಸುಮ್ಮನೆ ಮೊಸರನ್ನ ತಿನ್ನುತ್ತಿದ್ದ ಸಹೋದ್ಯೋಗಿಯೊಬ್ಬರು ಬಾಯಿ ತೆರೆದರು. ಹೆಸರು ಬೇಡ, ಕಂಪನಿಯದ್ದೂ ಬೇಡ. ನಮಗಿಂತ ಮೂರ್ನಾಲ್ಕು ವರ್ಷ ಹಿರಿಯರು, ಫ್ರೆಶರ್ ಹುಡುಗ ಅವರನ್ನ ಅಕ್ಕ ಅಂತಲೇ ಕರೆಯೋದು.

"2016ರಲ್ಲಿ ಬಿಡೂಫ್ ಕೆಲಸ ಹೋಯ್ತು, ಗೊತ್ತೇನ್ರೋ?" ಅಂದರು.

ನಿಜ. 2016ರ ನವೆಂಬರ್‌ನಲ್ಲಿ ಬಂದ ಸನ್ ಮತ್ತು ಮೂನ್ ಆಟಗಳಲ್ಲಿ ಎಚ್‌ಎಂ ಪದ್ಧತಿಯನ್ನೇ ತೆಗೆದರು. ಬಂಡೆ ಒಡೆಯೋಕೆ ಟೌರಸ್, ನೀರು ದಾಟೋಕೆ ಲಾಪ್ರಸ್, ಹಾರೋಕೆ ಚಾರಿಜಾರ್ಡ್. ಬೇಕೆಂದಾಗ ಕರೆದರೆ ಕ್ಯಾಬ್ ಥರ ಬಂದು ಕೆಲಸ ಮುಗಿಸಿ ಹೋಗುತ್ತವೆ, ಟೀಮಿನ ಆರರಲ್ಲಿ ಜಾಗ ಕೇಳಲ್ಲ. ಆಟಗಾರರಿಗೆಲ್ಲ ಖುಷಿಯೋ ಖುಷಿ. ಬಿಡೂಫ್‌ನ ಯಾರೂ ಕೇಳಲಿಲ್ಲ.

ಮೇಜು ತಣ್ಣಗಾಯಿತು. ಯಾಕಂದ್ರೆ ನಮ್ಮ ಟೀಮಿನಲ್ಲಿ ರಿಲೀಸ್ ರಾತ್ರಿ ಎದ್ದಿರೋದು ಅವರು. ಅವಧಿ ಮುಗಿಯೋ ಸರ್ಟಿಫಿಕೇಟ್ ನೆನಪಿಟ್ಟು ಬದಲಾಯಿಸೋದು, ಹೊಸಬರಿಗೆ ಸೆಟಪ್ ಮಾಡಿಕೊಡೋದು, ಯಾರೋ ಬರೆದು ಬಿಟ್ಟುಹೋದ ಹಳೇ ಸ್ಕ್ರಿಪ್ಟ್ ಬೆಳಗಿನ ಜಾವ ಮುರಿದುಬಿದ್ದರೆ ಎದ್ದು ಸರಿಮಾಡೋದು, ಎಲ್ಲಾ ಅವರೇ. ನಾಲ್ಕು ಜಾಗ, ನಾಲ್ಕೂ ಭರ್ತಿ. ವರ್ಷ ವರ್ಷವೂ ರೇಟಿಂಗ್‌ನಲ್ಲಿ ನಡುವಿನ ಅಂಕ. ಈ ತಿಂಗಳು ಮೇಲಿನಿಂದ ಒಂದು ಪಟ್ಟಿ ಬಂದಿದೆ: ಯಾವ ಯಾವ ಕೆಲಸವನ್ನು ಎಐ ಟೂಲ್‌ಗೆ ಒಪ್ಪಿಸಬಹುದು ಅಂತ. ಅವರ ನಾಲ್ಕೂ ಕೆಲಸ ಅದರಲ್ಲಿವೆ.

ಇಲ್ಲಿಗೆ ನನ್ನ ವಾದಕ್ಕೆ ಪೆಟ್ಟು ಬಿತ್ತು. ಚಾಕರಿಯಿಂದಲೇ ಬಿಡೂಫ್ ದೊಡ್ಡದು ಅನ್ನೋದಾದರೆ, ಚಾಕರಿ ಹೋದ ದಿನ ಅದರ ದೊಡ್ಡತನವೂ ಹೋಗಬೇಕು. ಹೋಯಿತಾ? ಹೋಗಲಿಲ್ಲ ಅನ್ನೋಕೆ ಒಂದು ಸಾಕ್ಷಿ ಇದೆ. 2021ರ ಜುಲೈ 1ರಂದು ದಿ ಪೊಕೆಮಾನ್ ಕಂಪನಿಯವರೇ ‘ಬಿಡೂಫ್ ದಿನ’ ಅಂತ ಆಚರಿಸಿದರು. ಹದಿನೈದು ವರ್ಷದ ಹಿಂದಿನ ಕೂಲಿಯಾಳಿಗೆ ಹಬ್ಬ. ಜೊತೆಯಲ್ಲಿ ನಡೆದವರನ್ನು ಜನ ಮರೆಯಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಇದು ಅರ್ಧ ಸಮಾಧಾನ. ಬಿಡೂಫ್‌ಗೆ ಮನೆಸಾಲದ ಕಂತಿಲ್ಲ, ಮಗಳ ಸ್ಕೂಲ್ ಫೀಸಿಲ್ಲ. ಪ್ರೀತಿ ಸಾಕು ಅದಕ್ಕೆ. ಮನುಷ್ಯರಿಗೆ ಸಾಕಾಗಲ್ಲ.

ಉಳಿದರ್ಧ ಉತ್ತರ ಇರೋದು ಇನ್ನೊಂದು ಪುಟ್ಟ ಪ್ರಾಣಿಯ ಹತ್ತಿರ, ಪಾಚಿರಿಸು. ಇದೊಂದು ಕರೆಂಟಿನ ಅಳಿಲು. ಮೂಲ ಅಂಕಗಳ ಒಟ್ಟು 405. ಮುದ್ದು ಮುಖ ಬಿಟ್ಟರೆ ಏನಿಲ್ಲ ಅಂತ ಎಲ್ಲರೂ ಬದಿಗಿಟ್ಟಿದ್ದರು. 2014ರಲ್ಲಿ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ಪೊಕೆಮಾನ್ ವಿಶ್ವ ಚಾಂಪಿಯನ್‌ಷಿಪ್‌ಗೆ ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್ ಇದನ್ನು ಕರ್ಕೊಂಡು ಬಂದಾಗ ಜನ ತಮಾಷೆ ಅಂದುಕೊಂಡರು.

ಅಲ್ಲಿ ಆಟ ಜೋಡಿಯಲ್ಲಿ, ಒಂದು ಸಲಕ್ಕೆ ಎರಡೆರಡು ಪೊಕೆಮಾನ್. ಪಾರ್ಕ್ ಟೀಮಿನಲ್ಲಿ ಗ್ಯಾರಡೋಸ್ ಇತ್ತು, ಅದೇ ನಮ್ಮ ಐನೂರರ ಮೀನು ಬೆಳೆದು ನಿಂತದ್ದು. ನೀರು ಮತ್ತು ಗಾಳಿ ಎರಡೂ ಜಾತಿ ಅದರದ್ದಾದ್ದರಿಂದ ಕರೆಂಟ್ ಹೊಡೆದರೆ ಅದಕ್ಕೆ 4 ಪಟ್ಟು ಏಟು. ಪಾಚಿರಿಸುಗೆ ‘ಫಾಲೋ ಮೀ’ ಅನ್ನೋ ವಿದ್ಯೆ ಗೊತ್ತು. ಎದುರಾಳಿ ಪಕ್ಕದವನಿಗೆ ಗುರಿ ಇಟ್ಟ ಏಟು ತನ್ನ ಕಡೆಗೆ ತಿರುಗುತ್ತೆ. ಅದಕ್ಕೆ ‘ವೋಲ್ಟ್ ಅಬ್ಸಾರ್ಬ್’ ಅನ್ನೋ ಗುಣವೂ ಇತ್ತು. ಕರೆಂಟ್ ಹೊಡೆದರೆ ನೋವಾಗಲ್ಲ, ಆಯಸ್ಸು ಹೆಚ್ಚುತ್ತೆ. ಅಳಿಲು ಮುಂದೆ ನಿಂತು ಏಟು ತಿಂದಿತು, ದೈತ್ಯ ಹಿಂದೆ ಬಲ ಬೆಳೆಸಿಕೊಂಡಿತು. ಪಾರ್ಕ್ ವಿಶ್ವ ಚಾಂಪಿಯನ್ ಆದರು.

ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಕಥೆ ಕೇಳಿ ಬೆಳೆದವರು ನಾವು. ಅಳಿಲ ಸೇವೆ ಅಂದ್ರೆ ನಮ್ಮಲ್ಲಿ ಚಿಕ್ಕ ಸೇವೆ, ಭಕ್ತಿಯ ಸೇವೆ. ಪಾರ್ಕ್‌ನ ಅಳಿಲು ಮಾಡಿದ್ದು ಚಿಕ್ಕದಲ್ಲ. ಆ ಜಾಗದಲ್ಲಿ 680 ಅಂಕದವನನ್ನು ನಿಲ್ಲಿಸಿದ್ದರೂ ಆ ಕೆಲಸ ಆಗ್ತಿರಲಿಲ್ಲ. ಅಂಕ ಜೀವಿಯದ್ದು, ಉಪಯೋಗ ಪಕ್ಕದಲ್ಲಿರೋರ ಜೊತೆ ಸೇರಿ ಹುಟ್ಟೋದು. ಮತ್ತೆ ಒಂದು ಮಾತು: ಅಳಿಲಿಗೆ ಆ ಗುಣ ಮೊದಲಿಂದಲೂ ಇತ್ತು. ಕೂತು ಅದರ ಗುಣಗಳ ಪಟ್ಟಿ ಓದಿದ ಒಬ್ಬ ಮನುಷ್ಯ ಬೇಕಿತ್ತು ಅಷ್ಟೇ.

ನಮ್ಮ ಅಕ್ಕನ ಬಗ್ಗೆ ಪೀರ್ ಫೀಡ್‌ಬ್ಯಾಕ್ ಬರೀರಿ ಅಂತ ನನಗೂ ಮೇಲ್ ಬಂದಿತ್ತು. ಸಾಮಾನ್ಯವಾಗಿ ‘ತುಂಬಾ ಸಹಾಯ ಮಾಡ್ತಾರೆ’ ಅಂತ ಒಂದು ಸಾಲು ಬರೆದು ಕಳಿಸೋ ಫಾರ್ಮ್ ಅದು. ಆ ಸಾಲೇ ಜೀತದಾಳಿಗೆ ಕೊಡೋ ಸರ್ಟಿಫಿಕೇಟ್. ಈ ಸಲ ಬೇರೆ ಥರ ಬರೆದೆ. ಯಾವ ರಿಲೀಸ್‌ನಲ್ಲಿ ಏನು ಒಡೆದಿತ್ತು, ಅವರು ಲಾಗ್ ನೋಡಿ ಯಾವ ಊಹೆ ಮಾಡಿದರು, ಅದರಿಂದ ನನ್ನ ಯಾವ ಫೀಚರ್ ಸಮಯಕ್ಕೆ ಹೋಯಿತು, ದಿನಾಂಕ ಸಮೇತ. ಇಡೀ ಸಿಸ್ಟಮ್ ಎಲ್ಲೆಲ್ಲಿ ಮುರಿಯುತ್ತೆ ಅನ್ನೋದು ತಲೆಯಲ್ಲಿರೋ ಏಕೈಕ ವ್ಯಕ್ತಿ ಇವರು, ಟೂಲ್‌ಗೆ ಕೆಲಸ ಒಪ್ಪಿಸೋದಾದರೆ ಆ ಟೂಲ್ ತಪ್ಪು ಮಾಡಿದಾಗ ಹಿಡಿಯೋರೂ ಇವರೇ ಆಗಬೇಕು ಅಂತ ಬರೆದೆ. ಖಾಲಿಯಾಗೋ ನಾಲ್ಕು ಜಾಗದಲ್ಲಿ ಆರ್ಕಿಟೆಕ್ಚರ್ ಕೆಲಸ ಕೊಡಿ ಅಂತಲೂ ಸೇರಿಸಿದೆ. ಫ್ರೆಶರ್ ಹುಡುಗ ತನ್ನದರಲ್ಲಿ, ಮೊದಲ ತಿಂಗಳು ನಾನು ಕೆಲಸ ಬಿಡದೆ ಉಳಿದದ್ದೇ ಇವರಿಂದ ಅಂತ ಬರೆದನಂತೆ. ಬಲ್ಬಸಾರ್ ಪಕ್ಷದವನಲ್ಲವೇ! ಫಲಿತಾಂಶ ಬರೋದು ಮುಂದಿನ ತಿಂಗಳು. ಏನಾಗುತ್ತೋ ಹೇಳೋಕೆ ಬರಲ್ಲ.

ಆಟದ ಪಾಠ ಇಷ್ಟು. ನೀವು ಟೀಮ್ ನಡೆಸೋರಾದರೆ ಚಾಕರಿಯನ್ನು ಆರೂ ಜನಕ್ಕೆ ಹಂಚಿ. ಪಳಗಿದ ಆಟಗಾರರು ಹಾಗೇ ಮಾಡ್ತಿದ್ದರು. ನೀರು ದಾಟಿಸೋ ಸರ್ಫ್ ವಿದ್ಯೆ ಯುದ್ಧದಲ್ಲೂ ಗಟ್ಟಿ ಏಟು, ಡೈಮಂಡ್‌ನಲ್ಲಿ ಅದರ ಶಕ್ತಿ 95. ಅದನ್ನು ಮುಂಚೂಣಿಯ ಹೋರಾಟಗಾರನಿಗೆ ಕಲಿಸಿದರೆ ಅವನಿಗೂ ಲಾಭ, ಬಿಡೂಫ್‌ಗೂ ಒಂದು ಜಾಗ ಖಾಲಿ. ರಾತ್ರಿ ಪಾಳಿಯನ್ನು ಸರದಿಯಲ್ಲಿ ಹಾಕಿದರೆ ಸೀನಿಯರ್‌ಗಳ ಕೋಡ್ ಕೂಡ ಸುಧಾರಿಸುತ್ತೆ ಅನ್ನೋದನ್ನ ಆನ್‌ಕಾಲ್ ಮಾಡಿದವರು ಒಪ್ತಾರೆ.

ನೀವೇ ಬಿಡೂಫ್ ಆಗಿದ್ದರೆ, ನಾಲ್ಕರಲ್ಲಿ ಒಂದು ಜಾಗ ನಿಮಗಾಗಿ ಇಟ್ಕೊಳ್ಳಿ. ಕೇಳಿದವರಿಗೆಲ್ಲ ಹೂಂ ಅನ್ನಬೇಡಿ. ನಿಯಮ ಬದಲಾಗೋ ದಿನ ಬಂದೇ ಬರುತ್ತೆ, ಆ ದಿನ ಕೈಯಲ್ಲಿ ಒಂದು ಸ್ವಂತ ವಿದ್ಯೆ ಇರಲಿ.

ಇನ್ನು ಅತ್ಯಂತ ಉಪಯೋಗದ ಪೊಕೆಮಾನ್ ಯಾವುದು ಅನ್ನೋ ಪ್ರಶ್ನೆಗೆ ನನ್ನ ಓಟು ಈಗಲೂ ಬಿಡೂಫ್‌ಗೇ. ಟೆಸ್ಟಿಂಗ್‌ನವನು ಮ್ಯೂಟೂ ಬಿಟ್ಟು ಅಲ್ಲಾಡಿಲ್ಲ. ನಿಮ್ಮದು ಯಾವ ಪಕ್ಷ, ಹೇಳಿ. ಅದಕ್ಕೆ ಮುಂಚೆ ನಿಮ್ಮ ಇನ್‌ಬಾಕ್ಸ್‌ನಲ್ಲಿ ಯಾರದ್ದಾದರೂ ಫೀಡ್‌ಬ್ಯಾಕ್ ಫಾರ್ಮ್ ಬಾಕಿ ಇದ್ದರೆ ಒಮ್ಮೆ ತೆರೆದು ನೋಡಿ. ‘ತುಂಬಾ ಸಹಾಯ ಮಾಡ್ತಾರೆ’ ಅಂತಷ್ಟೇ ಬರೆದು ಮುಚ್ಚಬೇಡಿ.